ಅಷ್ಟು ಗಟ್ಟಿಮುಟ್ಟಾಗಿದ್ದವರಿಗೂ ಕ್ಯಾನ್ಸರ್ ಯಾಕೆ ಬಂತು?

ಕ್ಯಾನ್ಸರ್ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಒಂದು ನೆಗಡಿಯೂ ಬಾರದ ಮನುಷ್ಯ. ಅವರ ರೋಗನಿರೋಧಕ ಶಕ್ತಿ ಗಡ್ಡೆಯನ್ನು ಯಾಕೆ ಗುರುತಿಸಲಿಲ್ಲ?" ಆ ದನಿಯಲ್ಲಿ ಎಷ್ಟೋ ಸಲ, ರೋಗಿ ಮೈಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೇನೋ ಎಂಬ ಅಳುಕಿರುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಬಹಳಷ್ಟು ಸಲ ರಕ್ಷಕ ಕೋಶಗಳು ಗಡ್ಡೆಯನ್ನು ಗುರುತಿಸಿರುತ್ತವೆ, ಒಳಕ್ಕೂ ಹೊಕ್ಕಿರುತ್ತವೆ. ಹೊಕ್ಕ ಮೇಲೆ ಬದಲಾಗುತ್ತವೆ.

ಮ್ಯಾಕ್ರೋಫೇಜ್ ಎಂಬ ಕೋಶವನ್ನೇ ನೋಡಿ. ರೋಗಾಣು ಕಂಡರೆ ನುಂಗಿ ಕೊಲ್ಲುತ್ತದೆ. ಗಾಯವಾದ ಕಡೆ ಅದರ ಕೆಲಸವೇ ಬೇರೆ: ಸತ್ತ ಕೋಶಗಳನ್ನು ಗುಡಿಸುತ್ತದೆ, ಹೊಸ ರಕ್ತನಾಳ ಚಿಗುರಿಸುತ್ತದೆ, ಉರಿಯೂತ ಇಳಿಸುತ್ತದೆ. ಯಾವಾಗ ಯಾವ ಕೆಲಸ ಎಂಬುದು ಸುತ್ತಲಿನ ರಾಸಾಯನಿಕಗಳ ಮೇಲೆ ನಿಂತಿದೆ. ಗಡ್ಡೆಯೊಳಗೆ ಆಮ್ಲಜನಕ ಕಡಿಮೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸ್ ಬಳಸಿ ಹೊರಬಿಟ್ಟ ಲ್ಯಾಕ್ಟಿಕ್ ಆಮ್ಲ ಹೆಚ್ಚು. ಸಾಲದ್ದಕ್ಕೆ ಟಿಜಿಎಫ್-ಬೀಟಾದಂಥ ಸಂದೇಶವಾಹಕ ಪ್ರೋಟೀನುಗಳು. ಅಲ್ಲಿಗೆ ಬಂದ ಮ್ಯಾಕ್ರೋಫೇಜ್ ಗಾಯ ಮಾಯಿಸುವ ಕೆಲಸಕ್ಕೆ ತೊಡಗುತ್ತದೆ. ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲೇ ಗಡ್ಡೆಗಳನ್ನು 'ಮಾಯದ ಗಾಯಗಳು' ಎಂದು ಕರೆದಿದ್ದರು. ಈ ವಿಷಯದಲ್ಲಿ ಇದಕ್ಕಿಂತ ನಿಖರವಾದ ಮಾತನ್ನು ನಾನು ಓದಿಲ್ಲ.

ಹೀಗೆ ಬದಲಾದ ಮ್ಯಾಕ್ರೋಫೇಜ್ ಆರ್ಜಿನೇಸ್ ಎಂಬ ಕಿಣ್ವವನ್ನು ತಯಾರಿಸಬಲ್ಲದು. ಅದು ಸುತ್ತಲಿನ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಒಡೆದು ಮುಗಿಸುತ್ತದೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲಬೇಕಾದ ಟಿ ಕೋಶಗಳು ವೃದ್ಧಿಯಾಗಲು ಅದೇ ಆರ್ಜಿನಿನ್ ಬೇಕು. ಅಂದರೆ ನಮ್ಮದೇ ಒಂದು ಕೋಶ ನಮ್ಮದೇ ಇನ್ನೊಂದು ಕೋಶವನ್ನು ಉಪವಾಸ ಕೆಡವುತ್ತದೆ.

ಟಿ ಕೋಶಕ್ಕೆ ಇನ್ನೊಂದು ತೊಡಕೂ ಇದೆ. ಅದರ ಮೈಮೇಲಿನ ಪಿಡಿ-1 ಒಂದು ಬ್ರೇಕ್. ಹೋರಾಟ ಅತಿಯಾಗಿ ಆರೋಗ್ಯವಂತ ಅಂಗಾಂಶ ಹಾಳಾಗದಿರಲೆಂದು ಇರುವುದು. ಎಷ್ಟೋ ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಪ್ರೋಟೀನನ್ನು ಹೊರಚಾಚಿ ಆ ಬ್ರೇಕನ್ನು ಒತ್ತುತ್ತವೆ. ಇಂಥ ಬ್ರೇಕುಗಳನ್ನು ಸಡಿಲಿಸುವ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಆಲಿಸನ್, ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಿಕ್ಕಿತು. ಆದರೂ ಈ ಔಷಧ ಎಲ್ಲರಿಗೂ ಫಲ ಕೊಡುವುದಿಲ್ಲ. ಬಹುಕಾಲ ಹೋರಾಡಿ ಬಳಲಿದ ಟಿ ಕೋಶದಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ರೀತಿಯೇ ಬದಲಾಗಿರುತ್ತದೆ; ಬ್ರೇಕ್ ತೆಗೆದರೂ ಅದು ಪೂರ್ತಿ ಹಳೆಯ ಸ್ಥಿತಿಗೆ ಮರಳದು.

"ಹಾಗಾದರೆ ಇಮ್ಯುನಿಟಿ ಹೆಚ್ಚಿಸಿಕೊಂಡಿದ್ದರೆ?" ಎಂದು ಮತ್ತೆ ಕೇಳುತ್ತಾರೆ. ಮ್ಯಾಕ್ರೋಫೇಜುಗಳು ಇನ್ನಷ್ಟು ಬಂದಿದ್ದರೂ ಆ ಗಡ್ಡೆಯೊಳಗೆ ಅವೂ ರಕ್ತನಾಳ ಚಿಗುರಿಸಲು ಕೂರುತ್ತಿದ್ದವು. ನಿಮ್ಮವರು ಯಾವುದರಲ್ಲೂ ಕಡಿಮೆ ಮಾಡಿರಲಿಲ್ಲ.