ಅಳಿಸದೆ ಇಟ್ಟ ಅಂದಾಜು

ಇವತ್ತು ಕೋಲಾರದ ಮನೆಯಲ್ಲೇ ಕೂತು ಆಫೀಸಿನ ಸರ್ವರ್‌ಗಳ ಮುಂದಿನ 6 ತಿಂಗಳ ಲೆಕ್ಕ ಹಾಕಿದೆ. ಡಿಸ್ಕ್ ಯಾವಾಗ ತುಂಬಬಹುದು ಅಂತ ಸಾಫ್ಟ್‌ವೇರ್ ಗೆರೆ ಎಳೆದು ತೋರಿಸುತ್ತದೆ. ಹೊಸ ಡೇಟಾ ಸೇರಿಸಿ ಮತ್ತೆ ಓಡಿಸಿದರೆ ಗೆರೆಯೇ ಬೇರೆ. ಹಳೇದನ್ನು ಸೇವ್ ಮಾಡಿಡದಿದ್ದರೆ ನಮ್ಮ ಅಂದಾಜು ಎಷ್ಟು ತಪ್ಪಿತ್ತು ಅಂತ ಗೊತ್ತಾಗೋದು ಹೇಗೆ, ಅಲ್ವಾ? ಅದಕ್ಕೇ ತಾರೀಖು, ಎಷ್ಟು ದಿನದ ಡೇಟಾ ಅನ್ನೋದನ್ನು ಫೈಲ್ ಹೆಸರಲ್ಲೇ ಬರೆದು ಇಡುತ್ತೇನೆ.

ಅಪ್ಪ ನೆನಪಾದರು. ಟೊಮೆಟೊ ಕೊಯ್ಲಿಗೆ ಮುಂಚೆ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ‘200 ಬಾಕ್ಸ್’ ಅಂತ ಬರೆಯುತ್ತಿದ್ದರು. 15 ಕೆಜಿ ಬಾಕ್ಸು. ಮಂಡಿಯಿಂದ ಬಂದ ಮೇಲೆ ಪಕ್ಕದಲ್ಲೇ ಪೆನ್ನಿನಲ್ಲಿ ‘160’. ಪೆನ್ಸಿಲ್‌ನದ್ದನ್ನು ಯಾವತ್ತೂ ಅಳಿಸಲಿಲ್ಲ. ಆ ಕ್ಯಾಲೆಂಡರ್‌ಗಳು ಇನ್ನೂ ಅಟ್ಟದ ಮೇಲಿವೆ. ಭಾನುವಾರ ಇಳಿಸಿ ನೋಡಬೇಕು.