ಇದೆಲ್ಲ ಕಲಬೆರಕೆ ಅಲ್ವಾ?

ನಾನು ವೀಣೆ ಕಲಿಸುತ್ತೇನೆ. ಬಿಡುವಿದ್ದಾಗ ಕೇಳುವುದು ಮಾತ್ರ ಜಾಸ್ತಿ ಹೊರಗಿನ ಸಂಗೀತ. ಅದರಲ್ಲೂ ಎರಡು ಬೇರೆ ನಾಡಿನ ವಾದ್ಯಗಳು ಎದುರುಬದುರು ಕೂತು ನುಡಿಯುವುದು ನನಗೆ ತುಂಬಾ ಇಷ್ಟ. ಇದು ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಹೀಗೆ ಸೇರಿಸಿದರೆ ಎರಡೂ ಕೆಟ್ಟು ಹೋಗಲ್ವಾ ಮೇಡಂ? ಇದೆಲ್ಲ ಕಲಬೆರಕೆ ಅಲ್ವಾ?"

ಕೆಡುವುದು ಉಂಟು, ಬಹಳ ಸಲ ಕೆಡುತ್ತದೆ. ನಾನು ಕೇಳಿದ್ದರ ಮೇಲೆ ಹೇಳುವುದಾದರೆ, ಪಕ್ಕದವರ ವಾದ್ಯಕ್ಕೆ ಏನು ಸಾಧ್ಯವಿಲ್ಲ ಅನ್ನುವುದನ್ನು ತಿಳಿದುಕೊಳ್ಳದೆ ನುಡಿಸಿದಾಗ ಕೆಡುತ್ತದೆ. ಅದನ್ನು ತಿಳಿದು, ಅದಕ್ಕೆ ತಕ್ಕಂತೆ ತಮ್ಮ ಕೈ ಬದಲಿಸಿಕೊಂಡವರ ಸಂಗೀತ ನಿಲ್ಲುತ್ತದೆ.

ನನ್ನ ಕೈಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ. ವೀಣೆ, ಗಿಟಾರ್ ಜೋಡಿ ತಗೊಳ್ಳಿ. ನನ್ನ ವೀಣೆ ಎರಡೂವರೆ ಮನೆ ಶ್ರುತಿ. ಗಿಟಾರಿನವರು ಕೇಪೋ (ತಂತಿಗಳನ್ನು ಅದುಮಿ ಶ್ರುತಿ ಏರಿಸುವ ಕ್ಲಿಪ್) ಹಾಕಿದರೆ ಶ್ರುತಿ ಸೇರುತ್ತದೆ, ಅದೇನೂ ಕಷ್ಟವಲ್ಲ. ಕಷ್ಟ ಶುರುವಾಗುವುದು ತೋಡಿ ರಾಗ ಎತ್ತಿಕೊಂಡಾಗ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ. ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತಲೇ ಇರುತ್ತದೆ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಅದನ್ನು ತರುತ್ತೇವೆ. ಅದೇ ಹೊತ್ತಿಗೆ ಗಿಟಾರಿನವರು ಒಂದು ಕಾರ್ಡ್, ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ, ಹಿಡಿದರು ಅನ್ನಿ. ಅಲ್ಲಿ ಮೂರು ಸ್ವರ ಅಲ್ಲಾಡದೆ ನಿಂತವು. ನಿಂತ ಗಾಂಧಾರಕ್ಕೆ ತೂಗುವ ಗಾಂಧಾರ ಬಂದು ತಾಗುತ್ತದೆ. ಕೇಳುವವರಿಗೆ ಇಬ್ಬರಲ್ಲಿ ಒಬ್ಬರು ಅಪಶ್ರುತಿ ಅನ್ನಿಸುತ್ತದೆ. ಇಬ್ಬರೂ ಸರಿಯಾಗಿಯೇ ನುಡಿಸುತ್ತಿರುತ್ತಾರೆ.

ಫ್ಯೂಷನ್ ಕಛೇರಿಗಳಲ್ಲಿ ಹಂಸಧ್ವನಿ, ಮೋಹನ, ಕೀರವಾಣಿ, ಚಾರುಕೇಶಿ ಮತ್ತೆ ಮತ್ತೆ ಕೇಳಿಬರುವುದು ಇದಕ್ಕೇ. ಈ ರಾಗಗಳಲ್ಲಿ ಸ್ವರವನ್ನು ಸ್ವಲ್ಪ ನೇರವಾಗಿ ಹಿಡಿದರೂ ರಾಗದ ಗುರುತು ಸಿಗುತ್ತದೆ, ಕಾರ್ಡ್ ಕೂರುತ್ತದೆ. ಅದು ತಪ್ಪೇನಲ್ಲ. ಆದರೆ ತೋಡಿಗೂ ದಾರಿ ಇದೆ. ಗಿಟಾರಿನವರು ಕಾರ್ಡ್ ಬಿಟ್ಟುಬಿಡಬೇಕು. ತಂತಿಗಳನ್ನೆಲ್ಲ ಸ, ಪ ಮಾತ್ರ ಬರುವ ಹಾಗೆ ಕೂಡಿಸಿಕೊಂಡು, ಒಂದೊಂದೇ ತಂತಿ ಮೀಟುತ್ತಾ ಗಾಂಧಾರಕ್ಕೆ ಜಾಗ ಬಿಡಬೇಕು. ಕಾರ್ಡಿನಲ್ಲೇ ಬೆಳೆದ ಕೈಗೆ ಇದು ಸಣ್ಣ ತ್ಯಾಗ ಅಲ್ಲ. ಅಂಥ ಗಿಟಾರಿನವರು ಸಿಕ್ಕಿದರೆ ನಾನು ಎಷ್ಟು ಹೊತ್ತಾದರೂ ಕೂತು ನುಡಿಸುತ್ತೇನೆ.

"ನಮ್ಮದು ಶುದ್ಧವಾಗಿಯೇ ಇರಲಿ" ಅನ್ನುವವರಿಗೆ ಪಿಟೀಲಿನ ಕಡೆ ಕೈ ತೋರಿಸುತ್ತೇನೆ. ಯುರೋಪಿನ ಈ ವಾದ್ಯ ಕರ್ನಾಟಕ ಸಂಗೀತಕ್ಕೆ ಬಂದು ಸುಮಾರು ಇನ್ನೂರು ವರ್ಷ. ತಂದವರಲ್ಲಿ ಮೊದಲ ಹೆಸರು ಬಾಲುಸ್ವಾಮಿ ದೀಕ್ಷಿತರದ್ದು, ಮುತ್ತುಸ್ವಾಮಿ ದೀಕ್ಷಿತರ ತಮ್ಮ. ಬಂದ ವಾದ್ಯ ಬಂದ ಹಾಗೆಯೇ ಉಳಿಯಲಿಲ್ಲ. ತಂತಿಗಳು ಸ-ಪ-ಸ-ಪ ಆದವು. ನಿಂತು, ಗಲ್ಲದ ಕೆಳಗೆ ಹಿಡಿಯುತ್ತಿದ್ದ ಪಿಟೀಲು ನೆಲಕ್ಕೆ ಬಂತು. ನಮ್ಮವರು ಕೂತು, ಅದರ ಒಂದು ತುದಿಯನ್ನು ಎದೆಗೆ, ಇನ್ನೊಂದನ್ನು ಪಾದಕ್ಕೆ ಕೊಟ್ಟರು. ಎಡಗೈಗೆ ವಾದ್ಯ ಹೊರುವ ಕೆಲಸ ತಪ್ಪಿತು. ಆ ಕೈ ತಂತಿಯ ಮೇಲೆ ಮೇಲಿಂದ ಕೆಳಗೆ ಸಲೀಸಾಗಿ ಜಾರತೊಡಗಿತು, ಗಮಕ (ಸ್ವರವನ್ನು ತೂಗಿಸಿ, ಜಾರಿಸಿ ನುಡಿಸುವುದು) ಬಂತು. ಮೈಸೂರಿನ ಟಿ. ಚೌಡಯ್ಯನವರು ಇನ್ನೂ ಮುಂದೆ ಹೋದರು. ಮೈಕ್ ಇಲ್ಲದ ಸಭೆಗಳಲ್ಲಿ ಹಿಂದೆ ಕೂತವರಿಗೂ ಕೇಳಬೇಕು ಅಂತ ತಂತಿಗಳನ್ನು ಏಳಕ್ಕೆ ಏರಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. ಇವತ್ತು ಪಿಟೀಲಿಲ್ಲದ ಹಾಡುಗಾರಿಕೆಯ ಕಛೇರಿ ಹುಡುಕುವುದೇ ಕಷ್ಟ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್‌ಗೂ ಇಂಥದ್ದೇ ಜಾಗ ಮಾಡಿಕೊಟ್ಟರು. ಅವರ ತಂದೆ ನಾಗಸ್ವರ ವಿದ್ವಾಂಸರು. ಆ ಉಸಿರು ಮಗನ ಸ್ಯಾಕ್ಸೊಫೋನ್‌ನಲ್ಲೂ ಕೇಳುತ್ತದೆ.

ಸ್ಯಾಕ್ಸೊಫೋನ್ ಮಾತು ಬಂದಾಗ ಬೆಂಗಳೂರಿನ ಇನ್ನೊಂದು ವಿಷಯ ಹೇಳಲೇಬೇಕು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರು ಮಾಡಿದರು. ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿ. ಇವರ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರಲ್ಲಿ 'ಜ್ಯೋತಿ' ಅನ್ನುವ ಆಲ್ಬಮ್ ಮಾಡಿತು. ಹೊರತಂದದ್ದು ಜರ್ಮನಿಯ ಇಸಿಎಂ ಅನ್ನುವ ರೆಕಾರ್ಡ್ ಕಂಪನಿ. ಮರಿಯಾನೊ ಜಾಝ್‌ನಲ್ಲಿ ದೊಡ್ಡ ಹೆಸರು. ಆದರೂ ಶಿಷ್ಯನಾಗಿ ಕೂತು ನಾಗಸ್ವರ ಕಲಿತಿದ್ದವರು. ಅದು 'ಜ್ಯೋತಿ'ಯಲ್ಲಿ ಗೊತ್ತಾಗುತ್ತದೆ. ಪಿಯಾನೊ ಇಲ್ಲ, ಡ್ರಮ್ಸ್ ಇಲ್ಲ. ತಂಬೂರಿ, ಕಂಠ, ಮೃದಂಗ, ಘಟ, ಖಂಜಿರ, ಮೋರ್ಚಿಂಗ್, ಇವುಗಳ ಜೊತೆ ಸ್ಯಾಕ್ಸೊಫೋನ್ ಮತ್ತು ಕೊಳಲು. ಕಾರ್ಡ್ ಹಿಡಿಯುವ ವಾದ್ಯವೇ ಇಲ್ಲದ್ದರಿಂದ ರಮಾಮಣಿಯವರ ದನಿಗೆ ಬೇಕಾದ ಕಡೆ ಓಡಾಡುವ ಸ್ವಾತಂತ್ರ್ಯ ಸಿಕ್ಕಿದೆ. ಈ ತಂಡದ ಬಗ್ಗೆ ಕನ್ನಡದಲ್ಲಿ ಇನ್ನೂ ಎಷ್ಟೋ ಬರೆಯಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ನಮ್ಮೂರಿನಲ್ಲೇ ಕೂತು ಲೋಕದ ಜೊತೆ ಸಂಗೀತ ಮಾಡಿದವರು ಅವರು.

ಈಗ ನನ್ನ ಮೆಚ್ಚಿನ ಜೋಡಿಗೆ ಬರುತ್ತೇನೆ: ವೇಲ್ಸ್‌ನ ಕ್ಯಾಟ್ರಿನ್ ಫಿಂಚ್, ಸೆನೆಗಲ್‌ನ ಸೆಕು ಕೇಟಾ. ಆಕೆಯದು ಹಾರ್ಪ್, ಎರಡೂ ಕೈಯಲ್ಲಿ ಮೀಟುವ ದೊಡ್ಡ ತಂತಿವಾದ್ಯ. ಆತನದು ಕೋರಾ. ಕೋರಾ ಪಶ್ಚಿಮ ಆಫ್ರಿಕಾದ ಮಂಡಿಂಕಾ ಜನರ ವಾದ್ಯ. ದೊಡ್ಡ ಸೋರೆ ಬುರುಡೆಯನ್ನು ಅರ್ಧಕ್ಕೆ ಕೊಯ್ದು, ಅದರ ಬಾಯಿಗೆ ಹಸುವಿನ ಚರ್ಮ ಬಿಗಿದು, ಉದ್ದನೆಯ ಕೋಲು ತೂರಿಸಿರುತ್ತಾರೆ. ಸಾಮಾನ್ಯವಾಗಿ 21 ತಂತಿ. ಕೇಟಾ ಹುಟ್ಟಿದ ಕಾಸಮಾನ್ಸ್ ಸೀಮೆಯಲ್ಲಿ 22. ಹಿಂದೆ ಚರ್ಮದ ತಂತಿ ಇತ್ತು, ಈಗ ಮೀನು ಹಿಡಿಯುವ ನೈಲಾನ್ ದಾರ. ತಂತಿಗಳು ಎಡಕ್ಕೊಂದು ಬಲಕ್ಕೊಂದು ಸಾಲು. ಎರಡು ಹಿಡಿಗಳನ್ನು ಉಳಿದ ಬೆರಳಲ್ಲಿ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಲ್ಲೇ ಎಲ್ಲ ನುಡಿಸಬೇಕು. ಹೆಬ್ಬೆರಳು ಕೆಳಗಿನ ಸ್ವರಗಳಲ್ಲಿ ಒಂದು ಆವರ್ತನವನ್ನು ಬಿಡದೆ ತಿರುಗಿಸುತ್ತಿದ್ದರೆ ತೋರುಬೆರಳು ಮೇಲೆ ಹರಿದಾಡುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ನುಡಿಸುತ್ತಿದ್ದಾರೆ ಅನ್ನಬೇಕು.

ಕೋರಾದ ಮಿತಿ ಏನು ಗೊತ್ತಾ? ಏಳು ಸ್ವರಕ್ಕೆ ಶ್ರುತಿ ಮಾಡಿ ಕೂತರೆ ಆ ಏಳೇ. ನಡುವೆ ಬೇರೆ ಮಧ್ಯಮ ಬೇಕು ಅಂದರೆ ನಿಲ್ಲಿಸಿ ತಂತಿ ತಿರುವಬೇಕು. ಹಾರ್ಪ್‌ನಲ್ಲಿ 47 ತಂತಿ, ಕಾಲ ಬಳಿ ಏಳು ಸ್ವರಕ್ಕೆ ಏಳು ಪೆಡಲ್. ಒಂದು ಪೆಡಲ್ ಒತ್ತಿದರೆ ಎಲ್ಲ ಸ್ಥಾಯಿಗಳಲ್ಲೂ ಆ ಸ್ವರ ಅರ್ಧ ಮನೆ ಸರಿಯುತ್ತದೆ. ಅಂದರೆ ಹಾರ್ಪ್‌ಗೆ ಎಲ್ಲಿ ಬೇಕಾದರೂ ಹೋಗುವ ಶಕ್ತಿ ಇದೆ, ಕೋರಾಗೆ ಇಲ್ಲ. ಹಾರ್ಪ್ ಆ ಶಕ್ತಿಯನ್ನೆಲ್ಲ ತೋರಿಸಿದರೆ ಕೋರಾ ಹಿಂದೆ ಬೀಳುತ್ತದೆ. ಈ ಜೋಡಿ ಎಷ್ಟೋ ಹೊತ್ತು ಏಳೇ ಸ್ವರದ ಅಂಗಳದಲ್ಲಿ ಇರುತ್ತದೆ, ಒಂದೇ ರಾಗದಲ್ಲಿ ಮುಕ್ಕಾಲು ಗಂಟೆ ಇರುವ ನಮಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಕೇಟಾ ಕೂಡ ಸುಮ್ಮನೆ ಕೂರಲಿಲ್ಲ. ಎರಡು ಶ್ರುತಿ ಒಟ್ಟಿಗೆ ಸಿಗಲಿ ಅಂತ ಎರಡು ಕೋಲಿನ ಕೋರಾ ಮಾಡಿಕೊಂಡರು.

ಇವರಿಬ್ಬರೂ ಸೇರಿದ್ದೇ ಆಕಸ್ಮಿಕ. ಫಿಂಚ್ ಜೊತೆ ನುಡಿಸಬೇಕಿದ್ದವರು ಮಾಲಿಯ ಕೋರಾ ದಿಗ್ಗಜ ತುಮಾನಿ ದಿಯಾಬತೆ. 2012ರ ಮಾರ್ಚ್‌ನಲ್ಲಿ ಮಾಲಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, ತಾಲೀಮು ಕೈತಪ್ಪಿತು. ಆಗ ನೆರವಿಗೆ ಬಂದವರು ಕೇಟಾ. ಮರುವರ್ಷವೇ ಇಬ್ಬರ ಮೊದಲ ಆಲ್ಬಮ್ 'ಕ್ಲಖೈ ದಿಬೋನ್' ಬಂತು. 2018ರಲ್ಲಿ 'ಸೋರ್'. ಅದರಲ್ಲಿ ಬಾಖ್‌ನ ಗೋಲ್ಡ್‌ಬರ್ಗ್ ಕೃತಿಯಿಂದ ಹೊರಟು ಸೆನೆಗಲ್‌ನ ರಾಗಕ್ಕೆ ಇಳಿಯುವ ಒಂದು ಭಾಗ ಇದೆ. ಎಲ್ಲಿ ದಾಟಿದರು ಅಂತ ಗೊತ್ತಾಗುವ ಹೊತ್ತಿಗೆ ದಾಟಿ ಆಗಿರುತ್ತದೆ.

ಇನ್ನೊಂದು ವಿಷಯ, ಸದ್ದಿನದು. ನಮ್ಮ ವೇದಿಕೆಗಳಲ್ಲಿ ವೀಣೆ ಪಕ್ಕ ಡ್ರಮ್ಸ್, ಕೀಬೋರ್ಡ್ ಇಟ್ಟು ಎಲ್ಲಕ್ಕೂ ಮೈಕ್ ಏರಿಸುತ್ತಾರೆ. ವೀಣೆಯ ಮೀಟು ಮಾತ್ರ ಕೇಳುತ್ತದೆ, ಮೀಟಿದ ಮೇಲೆ ಉಳಿಯುವ ನಾದ ಮುಳುಗಿ ಹೋಗುತ್ತದೆ. ಗಮಕ ಇರುವುದೇ ಆ ಉಳಿದ ನಾದದಲ್ಲಿ. ನನಗೆ ಇದು ನಿಜವಾಗಿ ಸಂಕಟ ಕೊಡುತ್ತದೆ. ಹೀಗಾಗದ ಹಾಗೆ ನುಡಿಸುವುದು ಹೇಗೆ ಅಂತ ತಿಳಿಯಲು ಮಾಲಿಯ ಬಲ್ಲಾಕೆ ಸಿಸ್ಸೊಕೊ ಮತ್ತು ಫ್ರಾನ್ಸ್‌ನ ವಿನ್ಸೆಂಟ್ ಸೆಗಾಲ್ ಅವರ ಕೋರಾ-ಚೆಲ್ಲೊ (ಪಿಟೀಲಿನ ದೊಡ್ಡ ಅಣ್ಣ) ಕೇಳಿ. 2009ರ 'ಚೇಂಬರ್ ಮ್ಯೂಸಿಕ್', 2015ರ 'ಮ್ಯೂಸಿಕ್ ದ ನ್ಯುಯಿ'. ಎರಡನೆಯದರ ಒಂದಿಷ್ಟು ಭಾಗವನ್ನು ಬಮಾಕೊದಲ್ಲಿ ಸಿಸ್ಸೊಕೊ ಮನೆಯ ತಾರಸಿ ಮೇಲೆ ರಾತ್ರಿ ಧ್ವನಿಮುದ್ರಣ ಮಾಡಿದ್ದಾರೆ. ಚೆಲ್ಲೊ ಕೋರಾಗಿಂತ ಗಟ್ಟಿ ವಾದ್ಯ. ಸೆಗಾಲ್ ಎಷ್ಟೋ ಕಡೆ ಕಮಾನು ಕೆಳಗಿಟ್ಟು ಬೆರಳಲ್ಲೇ ಮೀಟುತ್ತಾರೆ, ಕಮಾನು ಎತ್ತಿಕೊಂಡಾಗಲೂ ಹಗುರವಾಗಿ ಎಳೆಯುತ್ತಾರೆ.

"ಸರಿ, ಯಾವುದರಿಂದ ಶುರು ಮಾಡಲಿ?" ಅಂತ ಕೇಳಿದರೆ ನಾನು ಮೊದಲು 'ಜ್ಯೋತಿ' ಕೊಡುತ್ತೇನೆ, ನಮ್ಮ ಕಿವಿಗೆ ಅಲ್ಲಿ ಹಿಡಿತ ಬೇಗ ಸಿಗುತ್ತದೆ. ಆಮೇಲೆ 'ಕ್ಲಖೈ ದಿಬೋನ್'. ಫೋನಿನ ಸ್ಪೀಕರ್‌ನಲ್ಲಿ ಬೇಡ, ಹೆಡ್‌ಫೋನ್ ಹಾಕಿ, ಇಡೀ ಆಲ್ಬಮ್ ಕೇಳಿ. ಅಷ್ಟಾದ ಮೇಲೂ ಕಲಬೆರಕೆ ಅನ್ನಿಸಿದರೆ ಯಾವ ಜಾಗದಲ್ಲಿ ಅನ್ನಿಸಿತು ಅಂತ ಗುರುತು ಮಾಡಿಕೊಂಡು ಬನ್ನಿ. ವೀಣೆ ಇಟ್ಟುಕೊಂಡೇ ಮಾತಾಡೋಣ.