67 ಏಷ್ಯಾ ಲೈಟ್ ಕರ್ವ್: ದಿನಾ ಅದೇ ಗುಡ್ಡ

ಕೊನೆಗೂ 67 ಏಷ್ಯಾ ಎಂಬ ಕ್ಷುದ್ರಗ್ರಹದ ಲೈಟ್ ಕರ್ವ್‌ನ (ತಿರುಗುವಾಗ ಅದರ ಹೊಳಪು ಏರಿಳಿಯುವ ವಕ್ರರೇಖೆ) ಗಂಟು ಬಿಚ್ಚಿತು. ಎರಡು ವಾರದ ಫೋಟೊಮೆಟ್ರಿಯಲ್ಲಿ (ಹೊಳಪಿನ ಅಳತೆಯಲ್ಲಿ) ಸರಿ ರಾತ್ರಿಗಳ ಸಾಲು ಒಂದು ಮಟ್ಟದಲ್ಲಿ, ಬೆಸ ರಾತ್ರಿಗಳ ಸಾಲು ಇನ್ನೊಂದು ಮಟ್ಟದಲ್ಲಿ ಕೂತಿತ್ತು. ಕ್ಯಾಮೆರಾದ ದೋಷ ತಿದ್ದುವ ಡಾರ್ಕ್, ಫ್ಲಾಟ್ ಚಿತ್ರಗಳೆಲ್ಲ ಎಂದಿನಂತೆ, ಅದನ್ನು ಬಿಡೋಣ. ತೊಂದರೆ ಶುರುವಾದದ್ದು ಏಷ್ಯಾದ ಸುತ್ತಿನ ಗಡಿಯಾರದಿಂದ.

ಏಷ್ಯಾ ಒಂದು ಸುತ್ತು ತಿರುಗಲು ಸುಮಾರು 15.85 ಗಂಟೆ ಬೇಕು. 24ನ್ನು ಅದರಿಂದ ಭಾಗಿಸಿದರೆ 1.514. ಅಂದರೆ ನಾಳೆ ಇದೇ ಹೊತ್ತಿಗೆ ಅದು ಒಂದೂವರೆ ಸುತ್ತು ಮುಗಿಸಿ ಚೂರೇ ಚೂರು ಮುಂದೆ ಹೋಗಿರುತ್ತದೆ. ಉದ್ದನೆಯ ಬಂಡೆಯ ಹೊಳಪಿಗೆ ಸುತ್ತಿಗೆರಡು ಗುಡ್ಡ, ಎರಡು ತಗ್ಗು. ಅರ್ಧ ಸುತ್ತಿನಾಚೆಯ ಮುಖವೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಹಾಗಾಗಿ ದಿನಾ ಅದೇ ಏರು, ಅದೇ ಇಳಿವು, ಬರೀ 13 ನಿಮಿಷ ಮೊದಲು!

ಇದೇ ಕಾರಣಕ್ಕೆ ಚಿಕ್ಕಚಿಕ್ಕ ರಾತ್ರಿಗಳನ್ನು ಕೊಟ್ಟರೆ ಫೂರಿಯೇ ಹುಡುಕಾಟ (ಮರುಕಳಿಸುವ ಅವಧಿ ಹುಡುಕುವ ಲೆಕ್ಕ) 11.92, 15.85, 23.67 ಗಂಟೆ ಮೂರಕ್ಕೂ ತಲೆಯಾಡಿಸುತ್ತದೆ. ಇದನ್ನು ಬಿಡಿಸಲು ಒಂದು ಉದ್ದ ರಾತ್ರಿ ಸಾಕು. ಗುಡ್ಡದಿಂದ ತಗ್ಗಿಗೆ 4 ಗಂಟೆ ಹಿಡಿದರೆ 15.85, 3 ಗಂಟೆಯಾದರೆ 11.92, 6 ಗಂಟೆಯಾದರೆ 23.67.

ಕಾಡಿದ್ದು ಅದಲ್ಲ, ಮಟ್ಟದ ವ್ಯತ್ಯಾಸ. ರಾತ್ರಿಗೆ 5 ಗಂಟೆ ಸಿಕ್ಕರೆ ಮೊದಲ ದಿನ ಸುತ್ತಿನ 0ರಿಂದ 0.315ರವರೆಗೆ, ಮರುದಿನ 0.514ರಿಂದ 0.829ರವರೆಗೆ ತುಂಬುತ್ತದೆ. ಎರಡು ತುಂಡಿಗೂ ಒಂದೂ ಬಿಂದು ಸಮಾನವಿಲ್ಲ. ಒಂದು ಗುಡ್ಡ ನಿಜಕ್ಕೂ ಎತ್ತರವೋ, ಅಥವಾ ಆ ರಾತ್ರಿ ಏಷ್ಯಾವನ್ನು ಹೋಲಿಸಿ ಅಳೆದ ನಕ್ಷತ್ರಗಳ ಕ್ಯಾಟಲಾಗ್ ಬೆಲೆಯೇ (ಪಟ್ಟಿಯಲ್ಲಿ ಕೊಟ್ಟ ಹೊಳಪೇ) ತಪ್ಪೋ, ಹೇಳುವುದು ಹೇಗೆ? ಒಟ್ಟು ಏರಿಳಿತವೇ ಕಾಲು ಮ್ಯಾಗ್ (ಮ್ಯಾಗ್ನಿಟ್ಯೂಡ್, ಹೊಳಪಿನ ಅಳತೆ) ಆಸುಪಾಸು ಇರುವಾಗ 0.05 ತಪ್ಪಿದರೂ ಆಕಾರ ಕೆಡುತ್ತದೆ. ಇಷ್ಟು ದಿನವೂ ರಾತ್ರಿಗೊಂದು ಹೊಸ ನಕ್ಷತ್ರಗುಂಪು ಹಿಡಿದದ್ದೇ ಎಡವಟ್ಟು.

ಪರಿಹಾರ ಫ್ರೇಮಿನಲ್ಲೇ ಇತ್ತು. ಆಕಾಶದಲ್ಲಿ ಸೂರ್ಯನ ಎದುರುದಿಕ್ಕಿನಲ್ಲಿರುವಾಗ ಏಷ್ಯಾ ನಿಮಿಷಕ್ಕೆ ಸುಮಾರು 0.6 ಆರ್ಕ್‌ಸೆಕೆಂಡ್, ದಿನಕ್ಕೆ ಸುಮಾರು 14 ಆರ್ಕ್‌ಮಿನಿಟ್ (ಆರ್ಕ್‌ಮಿನಿಟ್ ಅಂದರೆ ಡಿಗ್ರಿಯ 60ನೇ ಒಂದು ಭಾಗ, ಆರ್ಕ್‌ಸೆಕೆಂಡ್ ಅದರ 60ನೇ ಒಂದು ಭಾಗ) ಸರಿಯುತ್ತದೆ. 8 ಇಂಚಿನ ಎಫ್/5 ನ್ಯೂಟೋನಿಯನ್ ದೂರದರ್ಶಕಕ್ಕೆ ಐಎಂಎಕ್ಸ್533 ಸೆನ್ಸರ್ ಇರುವ ಕ್ಯಾಮೆರಾ ಹಾಕಿದರೆ ಸಿಗುವ ಆಕಾಶದ ಚೌಕ ಸುಮಾರು 38 ಆರ್ಕ್‌ಮಿನಿಟ್. ಏಷ್ಯಾವನ್ನು ನಡುವೆ ಇಡಬೇಡಿ; ಮೊದಲ ರಾತ್ರಿ ಅದು ಹೊರಟಿರುವ ದಿಕ್ಕಿಗೆ ಜಾಗ ಬಿಟ್ಟು ಒಂದು ಅಂಚಿನ ಹತ್ತಿರ ಇಟ್ಟು, ಎರಡೂ ರಾತ್ರಿ ಫ್ರೇಮನ್ನು ಕದಲಿಸದೆ ತೆಗೆಯಿರಿ. ಸೂರ್ಯನ ಬಣ್ಣಕ್ಕೆ ಹತ್ತಿರದ ಐದು ನಕ್ಷತ್ರ, ಎರಡೂ ರಾತ್ರಿ ಅವೇ ಐದು. ಕ್ಯಾಟಲಾಗ್ ಬೆಲೆ ತಪ್ಪಿದ್ದರೂ ಎರಡು ರಾತ್ರಿಗೂ ಒಂದೇ ತಪ್ಪು, ಮಟ್ಟ ತಾನಾಗಿ ಕೂರುತ್ತದೆ. ಆದರೆ ಅಂಚಿನಲ್ಲಿ ವಿನ್ಯೆಟಿಂಗ್ (ಬೆಳಕು ಕುಂದುವುದು) ಹೆಚ್ಚು, ಅದನ್ನು ತಿದ್ದುವುದು ಫ್ಲಾಟ್. ಕ್ಯಾಮೆರಾ ಒಂದು ಡಿಗ್ರಿ ತಿರುಗಿದರೂ ಹೊಸ ಫ್ಲಾಟ್ ತೆಗೆಯಲೇಬೇಕು.

ಫಿಲ್ಟರ್ ವಿಷಯ ಹೇಳದಿದ್ದರೆ ಸಮಾಧಾನವಿಲ್ಲ. ಫೋಟೊಮೆಟ್ರಿಕ್ 'ವಿ' (ಹೊಳಪು ಅಳೆಯಲೆಂದೇ ಇರುವ ಫಿಲ್ಟರ್) ಕೇಳಿದರೆ ಅಂಗಡಿಯವರು ಚಿತ್ರ ತೆಗೆಯುವ ಹಸಿರು ಫಿಲ್ಟರ್ ಕಳಿಸಿ "ಎರಡೂ ಒಂದೇ" ಅಂದರು. ಒಂದೇ ಅಲ್ಲ! ಬಣ್ಣದ ತಿದ್ದುಪಡಿ ಬೇರೆಯಾಗುತ್ತದೆ. ಪೆಟ್ಟಿಗೆ ಒಡೆಯುವ ಮುಂಚೆ ಪಾಸ್‌ಬ್ಯಾಂಡ್ ಚೀಟಿ (ಯಾವ ಬೆಳಕನ್ನು ಒಳಗೆ ಬಿಡುತ್ತದೆ ಎಂಬ ವಿವರ) ನೋಡಿಕೊಳ್ಳಿ.

ಸುತ್ತಿನಲ್ಲಿ ಉಳಿದ ಖಾಲಿ ಜಾಗವನ್ನು ಒಂದೇ ಊರಿಂದ ಮುಚ್ಚಲು ಎರಡು ವಾರ ಬೇಕು, ಎರಡು ದಿನಕ್ಕೆ ತುಂಬುವುದು ಸುತ್ತಿನ 0.028 ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ದೂರದರ್ಶಕ ಇಟ್ಟಿರುವ ಕನ್ನಡಿಗರು ಕೈಜೋಡಿಸಿದರೆ ಎರಡೇ ರಾತ್ರಿ: ಬೆಂಗಳೂರಿಗಿಂತ ಅಲ್ಲಿ 13 ಗಂಟೆ ತಡವಾಗಿ ಕತ್ತಲಾಗುವುದರಿಂದ ಅವರ ತುಂಡು 0.83ರ ಹತ್ತಿರ ಶುರು, ನಮ್ಮದು ನಿಂತಲ್ಲೇ.

ಏಷ್ಯಾವನ್ನು ನಾರ್ಮನ್ ಪಾಗ್ಸನ್ ಕಂಡದ್ದು ಮದ್ರಾಸ್ ವೀಕ್ಷಣಾಲಯದಿಂದ, 1861ರ ಏಪ್ರಿಲ್ 17ರಂದು. ಈ ಖಂಡದಿಂದ ಸಿಕ್ಕ ಮೊದಲ ಕ್ಷುದ್ರಗ್ರಹ, ಆದ್ದರಿಂದ ಆ ಹೆಸರು. ಗ್ರೀಕ್ ಪುರಾಣದಲ್ಲಿ ಪ್ರೊಮಿಥಿಯಸ್‌ನ ಹೆಂಡತಿಯ ಹೆಸರೂ ಅದೇ. 5 ಮ್ಯಾಗ್ ಅಂದರೆ ಹೊಳಪಿನಲ್ಲಿ 100 ಪಟ್ಟು ಎಂಬ ಅಳತೆಯನ್ನು 1856ರಲ್ಲಿ ಮುಂದಿಟ್ಟವರೂ ಪಾಗ್ಸನ್. ಅವರ ಕ್ಷುದ್ರಗ್ರಹವನ್ನು ಅವರದೇ ಅಳತೆಗೋಲಿನಲ್ಲಿ ಅಳೆಯುವ ಖುಷಿಯೇ ಬೇರೆ.

ಮುಂದಿನ ಸರದಿ 87 ಸಿಲ್ವಿಯಾ. ಅದೂ ಮದ್ರಾಸಿನಲ್ಲಿ 1866ರಲ್ಲಿ ಪಾಗ್ಸನ್‌ಗೆ ಸಿಕ್ಕಿದ್ದು, ಎರಡು ಚಂದ್ರರನ್ನು ಇಟ್ಟುಕೊಂಡಿದೆ. ಸುತ್ತು 5.18 ಗಂಟೆ: ಒಂದೇ ರಾತ್ರಿಯಲ್ಲಿ ಇಡೀ ವಕ್ರರೇಖೆ.